ದಾಸವಾಳ: ಬೀಜವಿಲ್ಲದ ಗಿಡಕ್ಕೆ ಕಡ್ಡಿಯೇ ವಂಶ

ನಗರಗಳ ಹಳೆಯ ಬಡಾವಣೆಗಳಲ್ಲಿ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಲು ಸಿದ್ಧತೆ ನಡೆದಾಗ ಮೊದಲು ನೆಲಕ್ಕುರುಳುವುದು ಕಾಂಪೌಂಡಿನ ಅಂಚಿನ ಗಿಡಗಳು. ಮಾವು, ತೆಂಗು ಕಡಿಯುವಾಗ ಬೀದಿಯ ನಾಲ್ಕು ಜನ ಮರುಗುತ್ತಾರೆ. ದಾಸವಾಳಕ್ಕೆ ಮರುಗುವವರು ಕಡಿಮೆ. ನರ್ಸರಿಗೆ ಹೋದರೆ ಐದು ನಿಮಿಷದಲ್ಲಿ ಇನ್ನೊಂದು ಸಿಗುತ್ತದೆ ಎಂಬ ಸಮಾಧಾನವೇ ಇದಕ್ಕೆ ಕಾರಣ. ಆದರೆ ಹಾಗೆ ತಂದ ಗಿಡ ಹಳೆಯ ಗಿಡದಂತೆ ಇರುವುದಿಲ್ಲ ಎಂಬುದು ಒಂದೆರಡು ವರ್ಷ ಕಳೆದ ಮೇಲಷ್ಟೇ ಅರಿವಿಗೆ ಬರುತ್ತದೆ.

ಹಿತ್ತಿಲಿನ ಆ ಕೆಂಪು ಒಂಟಿ ಎಸಳಿನ ದಾಸವಾಳಕ್ಕೆ ಬೀಜವಿಲ್ಲ. ಅದು ತಾನಾಗಿ ಎಲ್ಲಿಯೂ ಮೊಳೆಯುವುದಿಲ್ಲ. ಒಬ್ಬರು ಕಡ್ಡಿ ಮುರಿದು ಇನ್ನೊಬ್ಬರಿಗೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬೀದಿಯ ಕೊನೆಯ ಗಿಡ ಹೋದರೆ ಆ ಬೀದಿಗೆ ಆ ತಳಿಯೂ ಹೋದಂತೆಯೇ. ಹೀಗಾಗಿ ಮನೆಯಲ್ಲಿ ದಾಸವಾಳದ ಕಡ್ಡಿ ನೆಟ್ಟು ಬೇರು ಬರಿಸುವ ವಿದ್ಯೆ ಬಿಡುವಿನ ವೇಳೆಯ ಹವ್ಯಾಸವಷ್ಟೇ ಅಲ್ಲ, ಒಂದು ತಳಿಯನ್ನು ಉಳಿಸಿಕೊಳ್ಳುವ ಏಕೈಕ ದಾರಿ.

ಕೈಯಿಂದ ಕೈಗೆ ಬಂದ ಗಿಡ

ಸಸ್ಯಶಾಸ್ತ್ರದಲ್ಲಿ ದಾಸವಾಳದ ಹೆಸರು ಹಿಬಿಸ್ಕಸ್ ರೋಸಾ-ಸೈನೆನ್ಸಿಸ್. ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಇಟ್ಟ ಈ ಹೆಸರಿನ ಉತ್ತರಾರ್ಧಕ್ಕೆ 'ಚೀನಾದ ಗುಲಾಬಿ' ಎಂಬ ಅರ್ಥವಿದೆ. ಆದರೆ ಈ ಗಿಡ ಗುಲಾಬಿಯ ನಂಟಿನದಲ್ಲ. ಹತ್ತಿ ಮತ್ತು ಬೆಂಡೆಯ ಕುಟುಂಬಕ್ಕೆ ಸೇರಿದ್ದು. ಬೆಂಡೆಯ ಹೂವನ್ನು ಹತ್ತಿರದಿಂದ ನೋಡಿದವರಿಗೆ ಈ ನೆಂಟಸ್ತಿಕೆ ಕೂಡಲೇ ತಿಳಿಯುತ್ತದೆ.

ಕಾಡಿನಲ್ಲಿ ತಾನಾಗಿ ಬೆಳೆದ ದಾಸವಾಳವನ್ನು ಸಸ್ಯವಿಜ್ಞಾನಿಗಳು ಗುರುತಿಸಿಲ್ಲ. ಶತಮಾನಗಳಿಂದ ಇದು ಮನುಷ್ಯರ ಅಂಗಳದಲ್ಲೇ ಬೆಳೆದಿದೆ. ಪೆಸಿಫಿಕ್ ಸಾಗರದ ದ್ವೀಪಗಳ ಪ್ರಭೇದಗಳ ಬೆರಕೆಯಿಂದ ಇದು ಹುಟ್ಟಿರಬಹುದೆಂದು ಇತ್ತೀಚಿನ ಕೆಲವು ಅಧ್ಯಯನಗಳು ಸೂಚಿಸಿವೆ. 1960ರಲ್ಲಿ ಮಲೇಷ್ಯಾ ಇದನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಘೋಷಿಸಿತು. ನಮ್ಮಲ್ಲಿ ಗಣಪತಿ ಪೂಜೆಗೆ ಕೆಂಪು ದಾಸವಾಳ ಬೇಕು, ತಲೆಗೆ ಸೀಗೆಯ ಜೊತೆ ದಾಸವಾಳದ ಸೊಪ್ಪು ಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಹೂವಿನ ತಂಬುಳಿಯಾಗುತ್ತದೆ, ಅಂಗಳಕ್ಕೆ ದಾಸವಾಳದ ಬೇಲಿಯಾಗುತ್ತದೆ.

ಇಷ್ಟೆಲ್ಲ ಹೂವು ಬಿಟ್ಟರೂ ಹಳೆಯ ಗಿಡಗಳಲ್ಲಿ ಕಾಯಿ ಕಾಣುವುದು ಬಹಳ ಅಪರೂಪ. ಸೂರಕ್ಕಿಗಳು ಮಕರಂದಕ್ಕೆ ಬಂದು ಮೂತಿಗೆ ಪರಾಗ ಮೆತ್ತಿಕೊಂಡು ಹೋಗುತ್ತವೆ, ಆದರೂ ಹೂವು ಒಂದೇ ದಿನ ಅರಳಿ, ಸಂಜೆಗೆ ಮುದುಡಿ, ಉದುರುತ್ತದೆ. ವರ್ಣತಂತುಗಳ ಸಂಖ್ಯೆ ಈ ಗಿಡದಲ್ಲಿ ತಳಿಯಿಂದ ತಳಿಗೆ ಬೇರೆಯಾಗಿರುವುದರಿಂದ ಪರಾಗ ಮತ್ತು ಅಂಡಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ಕಾಯಿ ಕಟ್ಟುವ ಕೆಲವು ಮಿಶ್ರತಳಿಗಳಿವೆ. ಆದರೆ ಆ ಬೀಜದಿಂದ ಹುಟ್ಟಿದ ಸಸಿ ತಾಯಿಯನ್ನು ಹೋಲುವುದಿಲ್ಲ. ಬಣ್ಣ, ಗಾತ್ರ, ಎಸಳಿನ ಅಂದ ಎಲ್ಲವೂ ಬೇರೆಯಾಗುತ್ತವೆ.

ಕಡ್ಡಿಯ ಮಾತು ಹಾಗಲ್ಲ. ಕಡ್ಡಿಯಿಂದ ಎದ್ದ ಗಿಡ ತಾಯಿಯ ಮಗಳಲ್ಲ, ತಾಯಿಯೇ. ಅಜ್ಜಿಯ ಮನೆಯಿಂದ ಅಮ್ಮ ತಂದ ಕಡ್ಡಿ, ಅಮ್ಮನ ಗಿಡದಿಂದ ಮಗಳು ಒಯ್ದ ಕಡ್ಡಿ, ಮೂರೂ ಒಂದೇ ಗಿಡದ ಮುಂದುವರಿಕೆ.

ನರ್ಸರಿಯ ಗಿಡ, ಹಿತ್ತಿಲಿನ ಗಿಡ

19ನೆಯ ಶತಮಾನದಿಂದಲೇ ದಾಸವಾಳವನ್ನು ಅದರ ಬಳಗದ ಬೇರೆ ಪ್ರಭೇದಗಳೊಂದಿಗೆ ಸಂಕರಗೊಳಿಸುವ ಕೆಲಸ ನಡೆದಿದೆ. 20ನೆಯ ಶತಮಾನದ ಆರಂಭದಲ್ಲಿ ಹವಾಯಿ ದ್ವೀಪಗಳಲ್ಲಿ ಇದು ದೊಡ್ಡ ಹವ್ಯಾಸವೇ ಆಯಿತು. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ದಾಸವಾಳದ ಹಲವು ತಳಿಗಳನ್ನು ಅಭಿವೃದ್ಧಿಪಡಿಸಿದೆ. ತಟ್ಟೆಯಗಲದ ಹೂವು, ಹಳದಿಯ ನಡುವೆ ಕೆಂಪು ಕಣ್ಣು, ನೇರಳೆ ಛಾಯೆ, ಮಡಿಕೆ ಮಡಿಕೆಯ ಎಸಳು ಇವೆಲ್ಲ ಈ ಸಂಕರಣದ ಫಲ.

ಆದರೆ ಬಣ್ಣಕ್ಕಾಗಿ ಆಯ್ದ ಅನೇಕ ತಳಿಗಳ ಬೇರು ದುರ್ಬಲ. ನೀರು ನಿಂತರೆ ಕೊಳೆಯುತ್ತದೆ, ಎರಡು ದಿನ ನೀರು ತಪ್ಪಿದರೆ ಮೊಗ್ಗು ಉದುರುತ್ತದೆ. ಜೊತೆಗೆ, ಕುಂಡದಲ್ಲಿ ಗಿಡ ಗಿಡ್ಡವಾಗಿ ತುಂಬಿಕೊಂಡಿರುವಂತೆ ಕಾಣಲು ಬೆಳವಣಿಗೆ ತಡೆಯುವ ರಾಸಾಯನಿಕಗಳನ್ನು ಬಳಸುವ ರೂಢಿ ವಾಣಿಜ್ಯ ಪುಷ್ಪೋದ್ಯಮದಲ್ಲಿದೆ. ಅದರ ಪ್ರಭಾವ ಇಳಿದ ಮೇಲೆ ಅದೇ ಗಿಡ ಉದ್ದುದ್ದ ಬೆಳೆದು ಸೊರಗಿದಂತೆ ಕಾಣುತ್ತದೆ. ಮನೆಯವರು ತಮ್ಮ ಕೈಗುಣವನ್ನು ಹಳಿದುಕೊಳ್ಳುತ್ತಾರೆ. ಹಿತ್ತಿಲಿನ ಹಳೆಯ ದಾಸವಾಳವಾದರೋ ನಮ್ಮ ಮಣ್ಣು, ಬಿಸಿಲು, ಮಳೆಗಳಲ್ಲಿ ತಲೆಮಾರುಗಳ ಪರೀಕ್ಷೆ ಗೆದ್ದು ಬಂದದ್ದು. ಮನೆಯಲ್ಲಿ ಸಸ್ಯಾಭಿವೃದ್ಧಿ ಕಲಿಯುವವರಿಗೆ ಅದೇ ಉತ್ತಮ ಆರಂಭ.

ಕಡ್ಡಿ ಬೇರು ಬಿಡುವ ಬಗೆ

ಗಿಡದಿಂದ ಬೇರ್ಪಟ್ಟ ಕಡ್ಡಿಗೆ ನೀರು ಒದಗಿಸಲು ಬೇರಿಲ್ಲ. ಎಲೆಗಳು ಮಾತ್ರ ನೀರನ್ನು ಆವಿಯಾಗಿಸುತ್ತಲೇ ಇರುತ್ತವೆ. ಬೇರು ಮೂಡುವ ತನಕ ಒಣಗದಂತೆ, ಕೊಳೆಯದಂತೆ ಕಡ್ಡಿಯನ್ನು ಬದುಕಿಸಿಕೊಳ್ಳುವುದೇ ಇಡೀ ವಿದ್ಯೆಯ ಸಾರ.

ಚಿಗುರು ಮತ್ತು ಎಳೆಯ ಎಲೆಗಳಲ್ಲಿ ಆಕ್ಸಿನ್ ಎಂಬ ಚೋದಕ ತಯಾರಾಗಿ ಕೆಳಮುಖವಾಗಿ ಇಳಿಯುತ್ತದೆ. ಗಿಡದಲ್ಲಿದ್ದಾಗ ಅದು ಬೇರಿನತ್ತ ಸಾಗುತ್ತಿತ್ತು. ಕತ್ತರಿಸಿದ ಮೇಲೆ ಕಡ್ಡಿಯ ತುದಿಯಲ್ಲೇ ಶೇಖರವಾಗುತ್ತದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕ್ಯಾಂಬಿಯಂ ಎಂಬ ತೆಳು ಪದರದ ಸುತ್ತಲಿನ ಜೀವಕೋಶಗಳು ಅದರ ಪ್ರಚೋದನೆಯಿಂದ ವಿಭಜನೆಗೊಂಡು ಬೇರಿನ ಮೊಳಕೆಗಳಾಗುತ್ತವೆ. ಗಾಯದ ಮೇಲೆ ಬೆಳ್ಳಗೆ ಉಬ್ಬಿದ ಗಂಟೊಂದು ಮೊದಲು ಕಾಣಿಸುವುದುಂಟು. ಅದು ಬೇರಲ್ಲ, ಮಾಯುತ್ತಿರುವ ಗಾಯ.

ಹಾಲೆಂಡಿನ ವಿಜ್ಞಾನಿ ಫ್ರಿಟ್ಸ್ ವೆಂಟ್ 1928ರಲ್ಲಿ ಈ ಚೋದಕದ ಇರವನ್ನು ಓಟ್ಸ್ ಮೊಳಕೆಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. 1935ರಲ್ಲಿ ಅಮೆರಿಕದ ಸಂಶೋಧಕರು ಇಂಡೋಲ್ ಬ್ಯುಟಿರಿಕ್ ಆಮ್ಲ ಕಡ್ಡಿಗಳಲ್ಲಿ ಬೇರು ಬರಿಸುತ್ತದೆಂದು ಪ್ರಕಟಿಸಿದರು. ಐ.ಬಿ.ಎ. ಎಂದು ಕರೆಯಲಾಗುವ ಈ ವಸ್ತುವೇ ಇಂದು ಗೊಬ್ಬರದಂಗಡಿಗಳಲ್ಲಿ, ನರ್ಸರಿಗಳಲ್ಲಿ ಸಿಗುವ ಬೇರು ಬರಿಸುವ ಪುಡಿಗಳಲ್ಲಿರುತ್ತದೆ.

ಕಾಲ ಮತ್ತು ಕಡ್ಡಿಯ ಆಯ್ಕೆ

ರಾಜ್ಯದ ಬಹುಪಾಲು ಭಾಗದಲ್ಲಿ ಮುಂಗಾರು ನೆಲೆನಿಂತ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿ ಅತ್ಯಂತ ಅನುಕೂಲ. ಗಾಳಿಯಲ್ಲಿ ತೇವವಿದ್ದು ಎಲೆ ಬಾಡುವುದು ಕಡಿಮೆ. ಕರಾವಳಿಯಲ್ಲಿ ಮಳೆ ಎಡೆಬಿಡದೆ ಸುರಿಯುವ ವಾರಗಳಲ್ಲಿ ಕಡ್ಡಿಗಳನ್ನು ಸೂರಿನ ಕೆಳಗೆ ಇಡದಿದ್ದರೆ ಕೊಳೆಯುತ್ತವೆ. ಬೆಂಗಳೂರು, ಮೈಸೂರುಗಳ ಹಿತವಾದ ಹವೆಯಲ್ಲಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿಯೂ ನೆಡಬಹುದು. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಈ ಸಾಹಸ ಬೇಡ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೇರು ಬಹಳ ನಿಧಾನ.

ಎಳೆಯ ಹಸಿರು ತುದಿ ಬೇಗ ಬಾಡುತ್ತದೆ, ಪೂರಾ ಬಲಿತ ಬೂದು ಕಾಂಡ ಬೇರು ಬಿಡಲು ತಡಮಾಡುತ್ತದೆ. ಇವೆರಡರ ನಡುವಿನ ಅರೆಬಲಿತ ಭಾಗವೇ ಉತ್ತಮ. ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗುತ್ತಿರುವ, ಬಗ್ಗಿಸಿದರೆ ತುಸು ಬಾಗಿ ಮತ್ತೆ ನೆಟ್ಟಗಾಗುವ, ಪೆನ್ಸಿಲ್‌ನಷ್ಟು ದಪ್ಪದ ರೆಂಬೆಯನ್ನು ಆರಿಸಬೇಕು. ಮೊಗ್ಗು ತುಂಬಿದ ರೆಂಬೆಗಿಂತ ಮೊಗ್ಗಿಲ್ಲದ್ದು ಲೇಸು. ಮೊಗ್ಗಿದ್ದರೆ ಚಿವುಟಿ ತೆಗೆಯಬೇಕು. ಬೆಳಗಿನ ತಂಪಿನಲ್ಲಿ, ಗಿಡದ ಮೈಯಲ್ಲಿ ನೀರು ತುಂಬಿರುವಾಗ ಕತ್ತರಿಸುವುದು ಒಳಿತು.

ತಾಯಿಗಿಡ ಆರೋಗ್ಯವಾಗಿದೆಯೇ ಎಂದು ನೋಡುವುದು ಮುಖ್ಯ. ಎಲೆಗಳ ಮೇಲೆ ಹಳದಿ ಉಂಗುರ, ಮಚ್ಚೆಗಳಿದ್ದರೆ ನಂಜುರೋಗವಿರಬಹುದು. ಅದು ಕಡ್ಡಿಯ ಮೂಲಕ ಮಾತ್ರವಲ್ಲ, ಕತ್ತರಿಸಿದ ಚಾಕುವಿನ ಮೂಲಕವೂ ಇನ್ನೊಂದು ಗಿಡಕ್ಕೆ ದಾಟುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು, ಸ್ಪಿರಿಟ್‌ನಿಂದ ಒರೆಸಬೇಕು.

ನೆಡುವ ಕ್ರಮ

ಕಡ್ಡಿ 15ರಿಂದ 20 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ ಮೂರು ನಾಲ್ಕು ಗೆಣ್ಣುಗಳಿರಬೇಕು. ಕೆಳತುದಿಯನ್ನು ಗೆಣ್ಣಿನ ಸ್ವಲ್ಪವೇ ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ಗೆಣ್ಣಿನ ಮೇಲೆ ನೇರವಾಗಿ ಕತ್ತರಿಸುವುದು ವಾಡಿಕೆ. ಓರೆಗತ್ತರಿಯಿಂದ ಇನ್ನೊಂದು ಲಾಭವುಂಟು: ಯಾವುದು ಬುಡ, ಯಾವುದು ತುದಿ ಎಂಬ ಗೊಂದಲವಾಗುವುದಿಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿ ಬದುಕುವುದು ವಿರಳ. ಮೊಂಡು ಕತ್ತರಿಯಿಂದ ಜಜ್ಜಿದ ತುದಿಗೆ ಕೊಳೆರೋಗ ಬೇಗ ಅಂಟುವುದರಿಂದ ಹರಿತವಾದ ಅಲಗು ಬೇಕು.

ಕೆಳಗಿನ ಎಲೆಗಳನ್ನೆಲ್ಲ ತೆಗೆದು ಮೇಲಿನ ಎರಡನ್ನು ಮಾತ್ರ ಉಳಿಸಬೇಕು. ಅವು ದೊಡ್ಡದಾಗಿದ್ದರೆ ಅರ್ಧಕ್ಕೆ ಕತ್ತರಿಸಬೇಕು. ಪೂರಾ ಬೋಳಿಸಿದರೆ ಆಹಾರ ತಯಾರಿಸುವ ಶಕ್ತಿ ಹೋಗುತ್ತದೆ, ಎಲ್ಲವನ್ನೂ ಬಿಟ್ಟರೆ ನೀರೆಲ್ಲ ಆವಿಯಾಗುತ್ತದೆ. ಬುಡವನ್ನು ನೀರಿನಲ್ಲಿ ಅದ್ದಿ, ಬೇರಿನ ಪುಡಿಯಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಬೇಕು. ಪುಡಿ ಹೆಚ್ಚಾದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಹಿತ್ತಿಲಿನ ಕೆಂಪು ದಾಸವಾಳಕ್ಕೆ ಈ ಪುಡಿ ಇಲ್ಲದಿದ್ದರೂ ನಡೆದೀತು. ಮೇಲ್ತುದಿಯ ಗಾಯ ಒಣಗದಂತೆ ಸಗಣಿ ಮೆತ್ತುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತ.

ನೆಡುವ ಮಣ್ಣಿನಲ್ಲಿ ಗೊಬ್ಬರ ಬೇಡ. ತೇವ ಹಿಡಿಯುವ, ಆದರೆ ನೀರು ನಿಲ್ಲದ ಮಾಧ್ಯಮ ಬೇಕು. ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಸಾಕು. ನಗರಗಳಲ್ಲಿ ಸಿಗುವ ಎಂ-ಸ್ಯಾಂಡ್‌ನಲ್ಲಿ ಕಲ್ಲಿನ ನುಣ್ಣನೆಯ ಪುಡಿ ಇರುವುದರಿಂದ ಎರಡು ಮೂರು ಸಲ ತೊಳೆದು ಬಳಸಬೇಕು. ತಳದಲ್ಲಿ ತೂತಿರುವ ಹಾಲಿನ ಪ್ಯಾಕೆಟ್, ಮೊಸರಿನ ಡಬ್ಬಿ ಯಾವುದಾದರೂ ಆದೀತು. ಬೆರಳಿನಿಂದ ಗುಳಿ ಮಾಡಿ, ಎರಡು ಗೆಣ್ಣು ಒಳಗೆ ಹೋಗುವಂತೆ ಕಡ್ಡಿ ಇಳಿಸಿ, ಸುತ್ತಲೂ ಒತ್ತಿ ನೀರು ಕೊಡಬೇಕು. ಕಡ್ಡಿಯನ್ನೇ ಚುಚ್ಚಿದರೆ ಬುಡಕ್ಕೆ ಸವರಿದ ಪುಡಿ ಮೇಲೆಯೇ ಉಳಿದುಬಿಡುತ್ತದೆ.

ಬಳಿಕ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನೋ ತಳ ಕತ್ತರಿಸಿದ ನೀರಿನ ಬಾಟಲಿಯನ್ನೋ ಮುಚ್ಚಳದಂತೆ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಬೇಕು. ಬಿಸಿಲಿಗಿಟ್ಟರೆ ಒಳಗೆ ಕಡ್ಡಿ ಬೆಂದೇ ಹೋಗುತ್ತದೆ. ದಿನಕ್ಕೊಮ್ಮೆ ಕೆಲವು ನಿಮಿಷ ಮುಚ್ಚಳ ತೆಗೆದು ಗಾಳಿಯಾಡಿಸಬೇಕು. ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು.

ಚಿಗುರು ಕಂಡು ಮೋಸ ಹೋಗಬಾರದು

ಎರಡು ವಾರದೊಳಗೆ ಕಡ್ಡಿಯ ಕಣ್ಣೊಡೆದು ಪುಟ್ಟ ಎಲೆಗಳು ಮೂಡುವುದುಂಟು. ಗಿಡ ಹತ್ತಿತೆಂದು ಸಂಭ್ರಮಿಸಿ ಬಿಸಿಲಿಗಿಟ್ಟು ಗೊಬ್ಬರ ಹಾಕುವವರೇ ಹೆಚ್ಚು. ಮೂರನೆಯ ವಾರಕ್ಕೆ ಆ ಚಿಗುರು ಬಾಡಿ ಬೀಳುತ್ತದೆ. ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದಲೇ ಮೂಡಿದ ಚಿಗುರು ಅದು. ಆಗಿನ್ನೂ ಬೇರು ಬಂದಿರಲಿಲ್ಲ. ಮನೆಯಲ್ಲಿ ನೆಟ್ಟ ಕಡ್ಡಿಗಳು ಸೋಲುವುದಕ್ಕೆ ಈ ಆತುರವೇ ದೊಡ್ಡ ಕಾರಣವೆನ್ನಬಹುದು.

ಬೇರಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಬೇಕು. ಹೊಸ ಎಲೆಗಳು ಒಂದರ ಮೇಲೊಂದು ಬರುತ್ತಿದ್ದು, ಮುಚ್ಚಳ ತೆಗೆದರೂ ಬಾಡದೆ ನಿಂತರೆ ಬೇರು ಬಂದಿದೆ ಎಂದರ್ಥ. ನೋಡುವ ಕುತೂಹಲಕ್ಕೆ ಕಡ್ಡಿಯನ್ನು ಎಳೆದರೆ ಆಗತಾನೇ ಮೂಡಿದ ಬೇರು ಕಿತ್ತುಹೋಗುತ್ತದೆ. ಪಾರದರ್ಶಕ ಲೋಟದಲ್ಲಿ ನೆಟ್ಟರೆ ಕೀಳದೆಯೇ ನೋಡಬಹುದು.

ಬಾಟಲಿಯ ನೀರಿನಲ್ಲಿ ಕಡ್ಡಿ ಇಟ್ಟು ಬೇರು ಬರಿಸುವ ವಿಧಾನವೂ ಜನಪ್ರಿಯ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿದರೆ ದಾಸವಾಳ ಅದರಲ್ಲಿಯೂ ಬೇರು ಬಿಡುತ್ತದೆ. ಆದರೆ ನೀರಿನಲ್ಲಿ ಬಂದ ಬೇರು ಬಲು ಪೆಳಸು, ಮಣ್ಣಿಗೆ ಹಾಕುವಾಗ ಮುರಿಯುತ್ತದೆ. ಬೇರು ಎರಡು ಮೂರು ಸೆಂಟಿಮೀಟರ್ ಆದ ಕೂಡಲೇ ಮಣ್ಣಿಗೆ ವರ್ಗಾಯಿಸಿ, ಒಂದು ವಾರ ನೆರಳಿನಲ್ಲಿಟ್ಟು ತೇವ ಕಾಯ್ದುಕೊಂಡರೆ ನಷ್ಟ ಕಡಿಮೆ.

ಹಠಮಾರಿ ತಳಿಗಳಿಗೆ ಗೂಟಿ ಮತ್ತು ಕಸಿ

ಕೆಲವು ಮಿಶ್ರತಳಿಗಳ ಕಡ್ಡಿ ಎಷ್ಟು ಪ್ರಯತ್ನಿಸಿದರೂ ಬೇರು ಬಿಡುವುದಿಲ್ಲ. ಅಂಥವಕ್ಕೆ ಗೂಟಿ ಸೂಕ್ತ. ಗಿಡದಲ್ಲಿರುವ ರೆಂಬೆಯನ್ನು ಕತ್ತರಿಸದೆಯೇ, ಪೆನ್ಸಿಲ್ ದಪ್ಪದ ಜಾಗದಲ್ಲಿ ಎರಡರಿಂದ ಎರಡೂವರೆ ಸೆಂಟಿಮೀಟರ್ ಅಗಲದ ತೊಗಟೆಯನ್ನು ಉಂಗುರದಂತೆ ಸುಲಿಯಬೇಕು. ಕಟ್ಟಿಗೆಯ ಮೇಲಿನ ಜಾರುವ ಪದರವನ್ನೂ ಕೆರೆದು ತೆಗೆಯದಿದ್ದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ. ಆ ಜಾಗಕ್ಕೆ ನೆನೆಸಿ ಹಿಂಡಿದ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಕಟ್ಟಿಗೆಯ ಮೂಲಕ ನೀರು ಮೇಲೇರುತ್ತಲೇ ಇರುತ್ತದೆ, ತೊಗಟೆಯ ಮೂಲಕ ಇಳಿಯುವ ಆಹಾರ ಮತ್ತು ಚೋದಕ ಅಲ್ಲೇ ನಿಲ್ಲುತ್ತವೆ. ಒಂದೆರಡು ತಿಂಗಳಲ್ಲಿ ಬಿಳಿಯ ಬೇರುಗಳು ಪ್ಲಾಸ್ಟಿಕ್ಕಿನ ಮೂಲಕ ಕಾಣಿಸಿದಾಗ ಅದರ ಕೆಳಗೆ ಕತ್ತರಿಸಿ ಕುಂಡಕ್ಕೆ ಇಳಿಸಬಹುದು.

ಬೇರೇ ದುರ್ಬಲವಾಗಿರುವ ತಳಿಗೆ ಗೂಟಿಯಿಂದಲೂ ಪೂರ್ಣ ಪರಿಹಾರ ದೊರೆಯದು. ಇಲ್ಲಿ ನೆರವಿಗೆ ಬರುವುದು ಹಿತ್ತಿಲಿನ ಹಳೆಯ ಗಿಡವೇ. ಅದರ ಬೇರುಬಂದ ಸಸಿಯ ಮೇಲೆ ಬಯಸಿದ ಬಣ್ಣದ ತಳಿಯನ್ನು ಕಸಿ ಕಟ್ಟುತ್ತಾರೆ. ಸಸಿಯ ತಲೆ ಕತ್ತರಿಸಿ ನಡುವೆ ಮೂರು ಸೆಂಟಿಮೀಟರ್ ಸೀಳಿ, ಅಷ್ಟೇ ದಪ್ಪದ, ಎರಡು ಮೂರು ಕಣ್ಣುಗಳ ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಅದರಲ್ಲಿ ಕೂರಿಸಬೇಕು. ಕನಿಷ್ಠ ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಕೂಡಿರಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೊಂದು ಸಣ್ಣ ಚೀಲ ತೊಡಿಸಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಚಿಗುರು ಕಾಣುತ್ತದೆ.

ಕೊಂಡು ತಂದ ಹಳದಿ ದಾಸವಾಳ ಎರಡು ವರ್ಷದಲ್ಲಿ ಕೆಂಪಾಯಿತು ಎಂಬ ದೂರಿನ ಗುಟ್ಟೂ ಇಲ್ಲಿಯೇ ಇದೆ. ಕಸಿಯ ಗಂಟಿನ ಕೆಳಗಿನಿಂದ ಎದ್ದ ಚಿಗುರು ಬೇರುಸಸಿಯದು. ಬಲಿಷ್ಠವಾದ ಅದು ಮೇಲಿನ ತಳಿಯನ್ನು ಸೊರಗಿಸಿ ತಾನೇ ಗಿಡವಾಗಿಬಿಡುತ್ತದೆ. ಗಂಟಿನ ಕೆಳಗೆ ಮೂಡುವ ಚಿಗುರುಗಳನ್ನು ಕಂಡ ಕೂಡಲೇ ಬುಡಸಮೇತ ಚಿವುಟುವುದೊಂದೇ ಇದಕ್ಕೆ ಉಪಾಯ.

ಬೇರು ಬಂದ ಮೇಲೆ

ಬೇರೂರಿದ ಸಸಿಯನ್ನು ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಮರಳು ಬೆರೆತ ಕುಂಡಕ್ಕೆ ವರ್ಗಾಯಿಸಿ ಹತ್ತು ಹದಿನೈದು ದಿನಗಳಲ್ಲಿ ಹಂತಹಂತವಾಗಿ ಬಿಸಿಲಿಗೆ ಒಗ್ಗಿಸಬೇಕು. ಬಾಲ್ಕನಿಯಲ್ಲಿ ಬೆಳೆಸುವವರಿಗೆ ಹತ್ತು ಹನ್ನೆರಡು ಅಂಗುಲದ ಕುಂಡ ಮತ್ತು ದಿನಕ್ಕೆ ನಾಲ್ಕೈದು ತಾಸಿನ ನೇರ ಬಿಸಿಲು ಅಗತ್ಯ. ನೆರಳಿನಲ್ಲಿ ದಾಸವಾಳ ಎಲೆ ಬೆಳೆಸುತ್ತದೆ, ಹೂವು ಬಿಡುವುದಿಲ್ಲ.

ಹೂವು ಮೂಡುವುದು ಹೊಸ ಚಿಗುರಿನಲ್ಲಿ. ಸಸಿ ಒಂದು ಅಡಿ ಎತ್ತರವಾದಾಗ ತುದಿ ಚಿವುಟಿದರೆ ಕವಲೊಡೆದು ಹೂವೂ ಹೆಚ್ಚಾಗುತ್ತದೆ. ವರ್ಷಕ್ಕೊಮ್ಮೆ ಸವರುವುದೂ ಇದೇ ಕಾರಣಕ್ಕೆ. ಸವರಿ ಬಿಸಾಡುವ ರೆಂಬೆಗಳಲ್ಲೇ ಮುಂದಿನ ಹತ್ತು ಗಿಡಗಳಿರುತ್ತವೆ ಎಂಬುದನ್ನು ಮರೆಯಬಾರದು.

ದಾಸವಾಳದ ದೊಡ್ಡ ಶತ್ರು ಹಿಟ್ಟು ತಿಗಣೆ. ಚಿಗುರಿನ ತುದಿಯಲ್ಲಿ ಬಿಳಿಯ ಹಿಟ್ಟು ಮೆತ್ತಿದಂತೆ ಕಂಡು, ಎಲೆ ಮುದುಡಿ, ಮೊಗ್ಗು ಉದುರುತ್ತದೆ. ಆರಂಭದಲ್ಲೇ ಆ ತುದಿಯನ್ನು ಕತ್ತರಿಸಿ ನಾಶಪಡಿಸಿ, ನೀರನ್ನು ರಭಸವಾಗಿ ಹಾಯಿಸಿ ತೊಳೆದು, ಬೇವಿನೆಣ್ಣೆಯನ್ನು ತುಸು ಸೋಪಿನೊಡನೆ ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಇರುವೆಗಳ ಸಾಲು ಗಿಡ ಹತ್ತುತ್ತಿದ್ದರೆ ತಿಗಣೆ ಇದೆಯೆಂಬ ಮುನ್ಸೂಚನೆ. ತಿಗಣೆ ಸ್ರವಿಸುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ.

ಕೆಡವುವ ಮೊದಲು

ಊರಿನ ಮನೆ ಮಾರುವವರು, ಹಳೆಯ ಮನೆ ಕೆಡವುವವರು ಒಂದು ಮುಂಗಾರು ಮೊದಲೇ ಎಚ್ಚೆತ್ತರೆ ಸಾಕು. ಹತ್ತು ಕಡ್ಡಿ ನೆಟ್ಟರೆ ಐದಾರಾದರೂ ಬದುಕಿಯಾವು ಎಂದು ಎಣಿಸಿ ಅಗತ್ಯಕ್ಕಿಂತ ಹೆಚ್ಚೇ ನೆಡುವುದು ಜಾಣತನ. ಊರಿನಿಂದ ನಗರಕ್ಕೆ ತರುವಾಗ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲೋ ಬಾಳೆಎಲೆಯಲ್ಲೋ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಂದೆರಡು ದಿನ ಹಸಿಯಾಗಿಯೇ ಉಳಿಯುತ್ತವೆ. ತಲುಪಿದ ಮೇಲೆ ಬುಡವನ್ನು ಹೊಸದಾಗಿ ಕತ್ತರಿಸಿ ನೆಡಬೇಕು. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಆಸೆಯಿದ್ದವರು ಮಾತ್ರ ಸಸ್ಯ ಸಂಪರ್ಕನಿಷೇಧದ ನಿಯಮಗಳನ್ನು ಮೊದಲು ತಿಳಿದುಕೊಳ್ಳಬೇಕು. ಆರೋಗ್ಯ ಪ್ರಮಾಣಪತ್ರವಿಲ್ಲದ ಜೀವಂತ ಕಡ್ಡಿಯನ್ನು ಅನೇಕ ದೇಶಗಳು ಒಳಬಿಡುವುದಿಲ್ಲ.

ಪ್ರತಿ ಕುಂಡಕ್ಕೂ ತಳಿಯ ಬಣ್ಣ, ಎಲ್ಲಿಂದ ತಂದದ್ದು, ಯಾವ ವರ್ಷ ಎಂಬುದನ್ನು ಬರೆದ ಚೀಟಿ ಕಟ್ಟುವುದು ಒಳ್ಳೆಯ ಅಭ್ಯಾಸ. ಅದಕ್ಕಿಂತ ಒಳ್ಳೆಯದು, ಬೇರು ಬಂದ ಸಸಿಗಳಲ್ಲಿ ಎರಡು ಮೂರನ್ನು ಬೇರೆ ಬೇರೆ ಮನೆಗಳಿಗೆ ಕೊಟ್ಟುಬಿಡುವುದು. ಒಂದೇ ಕುಂಡದಲ್ಲಿ ಉಳಿದ ತಳಿಗೆ ಹಿಟ್ಟು ತಿಗಣೆಯಿಂದಲೋ ರಜೆಯಲ್ಲಿ ಮನೆಯವರು ಊರಿಗೆ ಹೋದಾಗ ನೀರಿಲ್ಲದೆಯೋ ಆಪತ್ತು ಬರಬಹುದು. ನಾಲ್ಕು ಅಂಗಳಗಳಲ್ಲಿ ಹಂಚಿಕೊಂಡ ತಳಿ ಒಂದು ಕಡೆ ಸತ್ತರೂ ಇನ್ನೊಂದು ಕಡೆಯಿಂದ ಮರಳಿ ಬರುತ್ತದೆ. ಬೀಜವಿಲ್ಲದ ದಾಸವಾಳ ಇಷ್ಟು ಕಾಲ ಬದುಕಿ ಬಂದಿರುವುದು ಇದೇ ಕೊಡುಕೊಳ್ಳುವಿಕೆಯಿಂದ.